ನಗರದ ಬಡ ವಸತಿಯ ಮಕ್ಕಳಿಗೆ ಊಟ: ಆರಂಭಿಸುವುದು ಹೇಗೆ, ತಪ್ಪದೆ ನಡೆಸುವುದು ಹೇಗೆ

ಬಡ ವಸತಿಯ ಮಕ್ಕಳಿಗೆ ಊಟ ಹಾಕಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಲೆಕ್ಕ ಹಾಕುವುದು ಎಷ್ಟು ಮಕ್ಕಳಿಗೆ ಬಡಿಸಬಹುದು ಎಂಬುದನ್ನು. ಅದಕ್ಕೂ ಮುಂಚೆ ಎಷ್ಟು ದಿನ ತಪ್ಪದೆ ಬಡಿಸಬಲ್ಲೆವು ಎಂದು ಕೇಳಿಕೊಳ್ಳಬೇಕು. ಮುನ್ನೂರು ಮಕ್ಕಳಿಗೆ ಒಂದು ತಿಂಗಳು ಬಡಿಸಿ ಕೈಚೆಲ್ಲುವುದಕ್ಕಿಂತ ನಲವತ್ತು ಮಕ್ಕಳಿಗೆ ವರ್ಷವಿಡೀ ಒಂದೇ ಹೊತ್ತಿಗೆ ಬಡಿಸುವುದು ಎಷ್ಟೋ ಮೇಲು. ಊಟ ಖಂಡಿತ ಸಿಗುತ್ತದೆಂದು ನಂಬಿದ ತಾಯಿ ನಸುಕಿನ ಪಾಳಿಯ ಕೆಲಸ ಒಪ್ಪಿಕೊಂಡಿರುತ್ತಾಳೆ. ನಿಮ್ಮ ಒಲೆ ಒಂದು ದಿನ ಉರಿಯದಿದ್ದರೆ ಆ ಮನೆಯಲ್ಲಿ ಮಗುವಿಗೆ ಬೇರೆ ದಾರಿ ಇರುವುದಿಲ್ಲ.

ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ 1907ರ ಏಪ್ರಿಲ್‌ನಿಂದ ಜುಲೈವರೆಗೆ ರಾಲ್ಫ್ ಕ್ರೌಲಿ ಎಂಬ ವೈದ್ಯಾಧಿಕಾರಿ ಸುಮಾರು 40 ಬಡ ಮಕ್ಕಳಿಗೆ ಊಟ ಕೊಡಿಸಿ, ನಿಯಮಿತವಾಗಿ ಅವರ ತೂಕ ದಾಖಲಿಸಿದರು. ಊಟ ಸಿಕ್ಕ ವಾರಗಳಲ್ಲಿ ಏರಿದ ತೂಕ ನಡುವಿನ ರಜೆಯಲ್ಲಿ ಇಳಿಯಿತು. ನೂರು ವರ್ಷಗಳ ಹಿಂದಿನ ಈ ದಾಖಲೆಯನ್ನು ಇಂದು ಕಾರ್ಯಕ್ರಮ ಆರಂಭಿಸುವ ಪ್ರತಿಯೊಬ್ಬರೂ ನೆನಪಿಡಬೇಕು. ಶಾಲೆ ಮುಚ್ಚಿರುವ, ಹಬ್ಬಕ್ಕೆಂದು ಸ್ವಯಂಸೇವಕರು ಊರಿಗೆ ಹೋಗಿರುವ, ದಾನಿಗಳ ಗಮನ ಬೇರೆಡೆಗೆ ಸರಿದಿರುವ ದಿನಗಳಲ್ಲೇ ಮಗುವಿಗೆ ಊಟದ ಅಗತ್ಯ ಹೆಚ್ಚು. ಮುಂದಿನ ಹಂತಗಳನ್ನೆಲ್ಲ ಈ ಮಾತನ್ನು ಮುಂದಿಟ್ಟುಕೊಂಡೇ ಬರೆಯಲಾಗಿದೆ.

ಒಂದು: ವಸತಿಯನ್ನು ಅರಿಯುವುದು

ಪಾತ್ರೆ ಕೊಳ್ಳುವ ಮೊದಲು ಎರಡು ಮೂರು ವಾರ ವಸತಿಯಲ್ಲಿ ಓಡಾಡಿರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಮೂರೂ ಹೊತ್ತು ಹೋಗಬೇಕು. ಬೆಳಿಗ್ಗೆ ಮಾತ್ರ ಹೋದವರಿಗೆ ಶಾಲೆಗೆ ಹೋಗದ ಮಕ್ಕಳು ಕಾಣಿಸುತ್ತಾರೆ, ಸಂಜೆ ಕೆಲಸದಿಂದ ಮರಳುವ ಮಕ್ಕಳು ಕಾಣಿಸುವುದಿಲ್ಲ. ಮಕ್ಕಳು ಯಾವ ಹೊತ್ತಿನಲ್ಲಿ ಹಸಿದಿರುತ್ತಾರೆ, ಆ ಹೊತ್ತಿನಲ್ಲಿ ಏನು ತಿನ್ನುತ್ತಾರೆ, ಮನೆಯಲ್ಲಿ ಯಾರಿರುತ್ತಾರೆ ಎಂಬ ಮೂರು ಸಂಗತಿಗಳು ತಿಳಿದರೆ ಅರ್ಧ ಯೋಜನೆ ಸಿದ್ಧವಾದಂತೆ. ನಗರದ ಹಸಿವು ಹಲವು ಸಲ ಖಾಲಿ ಹೊಟ್ಟೆಯ ರೂಪದಲ್ಲಿ ಕಾಣಿಸುವುದೇ ಇಲ್ಲ. ಕೈಯಲ್ಲಿ ಅಗ್ಗದ ಪೊಟ್ಟಣದ ತಿಂಡಿ ಇರುತ್ತದೆ, ಹೊಟ್ಟೆಯೂ ತುಂಬಿರುತ್ತದೆ, ಆದರೆ ಬೆಳವಣಿಗೆಗೆ ಬೇಕಾದ ಪ್ರೋಟೀನ್, ಕಬ್ಬಿಣ, ವಿಟಮಿನ್‌ಗಳು ಅದರಲ್ಲಿ ಇಲ್ಲದಂತೆಯೇ. ಒಂದೇ ಬೀದಿಯಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಗುವೂ ಅತಿತೂಕದ ಮಗುವೂ ಸಿಗುವುದಕ್ಕೆ ಇದೇ ಕಾರಣ.

ಆ ವಸತಿಯಲ್ಲಿ ಈಗಾಗಲೇ ಸರ್ಕಾರದ ಅಥವಾ ಬೇರೆ ಸಂಸ್ಥೆಯ ಊಟ ನಡೆಯುತ್ತಿದೆಯೇ ಎಂದು ವಿಚಾರಿಸಿರಿ. ನಡೆಯುತ್ತಿದ್ದರೆ ಅದರ ಪಕ್ಕದಲ್ಲೇ ಇನ್ನೊಂದು ಒಲೆ ಹೂಡುವುದು ವ್ಯರ್ಥ. ಅದು ತಲುಪದ ಹೊತ್ತು, ತಲುಪದ ವಯಸ್ಸು, ತಲುಪದ ಓಣಿ ಯಾವುದೆಂದು ಹುಡುಕಿರಿ. ಬಹುಪಾಲು ಕಡೆ ಬಿಟ್ಟುಹೋಗುವವರು ಇತ್ತೀಚೆಗೆ ವಲಸೆ ಬಂದವರ ಮಕ್ಕಳು. ಅವರ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ, ತೋರಿಸಲು ಕಾಗದಪತ್ರಗಳೂ ಇರುವುದಿಲ್ಲ. ಆದ್ದರಿಂದ ನಿಮ್ಮ ಊಟಕ್ಕೆ ಯಾವ ದಾಖಲೆಯನ್ನೂ ಕೇಳಬೇಡಿ. ಮಗುವಿನ ಹೆಸರು, ಅಂದಾಜು ವಯಸ್ಸು, ಮನೆಯ ಹಿರಿಯರೊಬ್ಬರ ಹೆಸರು, ಯಾವ ಆಹಾರ ಒಗ್ಗುವುದಿಲ್ಲ ಎಂಬ ವಿವರ, ಇಷ್ಟೇ ಸಾಕು.

ಎರಡು: ಹೊತ್ತು ಮತ್ತು ಜಾಗ

ಊಟದ ಹೊತ್ತನ್ನು ಸ್ವಯಂಸೇವಕರ ಅನುಕೂಲಕ್ಕೆ ತಕ್ಕಂತೆ ಗೊತ್ತುಮಾಡಿದ ಕಾರ್ಯಕ್ರಮಗಳು ಬಹಳ ಕಾಲ ಉಳಿಯುವುದಿಲ್ಲ. ಅಮೆರಿಕದ ಓಕ್ಲೆಂಡ್ ನಗರದಲ್ಲಿ ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು 1969ರ ಜನವರಿಯಲ್ಲಿ ಮಕ್ಕಳಿಗೆ ಉಚಿತ ಉಪಾಹಾರ ಆರಂಭಿಸಿದಾಗ ಹೊಸ ಕಟ್ಟಡವನ್ನೇನೂ ಕಟ್ಟಲಿಲ್ಲ. ವಸತಿಯೊಳಗೇ ಇದ್ದ ಒಂದು ಚರ್ಚಿನ ಜಾಗದಲ್ಲಿ, ಶಾಲೆಯ ಗಂಟೆ ಬಾರಿಸುವ ಮುನ್ನ ಬಡಿಸಿದರು. ಅದೇ ವರ್ಷ ಆ ಕೆಲಸ ಬೇರೆ ನಗರಗಳಿಗೂ ಹರಡಿತು. ಜಾಗ ನಡೆದು ಬರುವಷ್ಟು ಹತ್ತಿರದಲ್ಲಿರಬೇಕು, ಮಗು ದೊಡ್ಡ ರಸ್ತೆ ದಾಟಿ ಬರುವಂತಿರಬಾರದು. ನೀರು, ನೆರಳು, ಕೈತೊಳೆಯುವ ವ್ಯವಸ್ಥೆ, ಹತ್ತಿರದಲ್ಲೊಂದು ಶೌಚಾಲಯ ಇರಲೇಬೇಕು. ಜಾಗದ ಮಾಲೀಕರೊಂದಿಗೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳುವುದು ಸಂಕೋಚದ ವಿಷಯವಲ್ಲ. ಆರು ತಿಂಗಳ ನಂತರ ಜಾಗ ಖಾಲಿಮಾಡಿ ಎಂದರೆ ನಷ್ಟವಾಗುವುದು ಮಕ್ಕಳಿಗೆ.

ಅಡುಗೆಯನ್ನು ಅಲ್ಲೇ ಮಾಡುವುದೋ, ಬೇರೆಡೆ ಮಾಡಿ ತರುವುದೋ ಎಂಬುದನ್ನು ದೂರ ನೋಡಿ ತೀರ್ಮಾನಿಸಿರಿ. ಬೇಯಿಸಿದ ಆಹಾರವನ್ನು ಎರಡು ಗಂಟೆಯೊಳಗೆ ಬಡಿಸಿ ಮುಗಿಸಲು ಸಾಧ್ಯವಾಗದಿದ್ದರೆ, ಅದನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಹಿಡಿದಿಡುವ ಪಾತ್ರೆಗಳೂ ಇಲ್ಲದಿದ್ದರೆ, ದೂರದ ಅಡುಗೆಮನೆಯ ಆಲೋಚನೆಯನ್ನು ಬಿಟ್ಟುಬಿಡುವುದೇ ಕ್ಷೇಮ.

ಮೂರು: ಹಣ

ಕೈಯಲ್ಲಿ ಕನಿಷ್ಠ ಆರು ತಿಂಗಳ ಪೂರ್ಣ ವೆಚ್ಚ ಇಲ್ಲದೆ ಮೊದಲ ಊಟ ಬಡಿಸಬೇಡಿ. ಪೂರ್ಣ ವೆಚ್ಚ ಎಂದರೆ ದವಸ, ತರಕಾರಿಗಳ ಜೊತೆಗೆ ಇಂಧನ, ನೀರು, ಸಾಗಾಟ, ಸೋಪು, ಪಾತ್ರೆಗಳ ರಿಪೇರಿ, ಅಡುಗೆಯವರ ಸಂಬಳ, ಇವೆಲ್ಲವೂ ಸೇರಿದ ಮೊತ್ತ. ಅಡುಗೆಯವರಿಗೆ ಸಂಬಳ ಕೊಡಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರತಿದಿನ ನಸುಕಿನಲ್ಲಿ ಎದ್ದು ಅರವತ್ತು ಮಕ್ಕಳಿಗೆ ಬೇಯಿಸುವ ದುಡಿಮೆಯನ್ನು ಸೇವೆಯ ಹೆಸರಿನಲ್ಲಿ ಬಿಟ್ಟಿಯಾಗಿ ಮಾಡಿಸಿಕೊಳ್ಳುವುದು ನ್ಯಾಯವೂ ಅಲ್ಲ, ಅದು ಬಹುಕಾಲ ನಡೆಯುವುದೂ ಇಲ್ಲ. ಅದೇ ವಸತಿಯ ತಾಯಂದಿರನ್ನು ಈ ಕೆಲಸಕ್ಕೆ ತೆಗೆದುಕೊಂಡರೆ ಒಂದೆರಡು ಮನೆಗಳಿಗೆ ಆದಾಯವಾಗುತ್ತದೆ, ಅಡುಗೆಯೂ ಮಕ್ಕಳ ಬಾಯಿಗೆ ಹಿಡಿಸುವಂತಿರುತ್ತದೆ, ಯಾವ ಮಗು ಎರಡು ದಿನದಿಂದ ಬಂದಿಲ್ಲ ಎಂಬುದೂ ಕೇಳದೆಯೇ ತಿಳಿಯುತ್ತದೆ.

ದಾನಿಗಳು ವಸ್ತುರೂಪದಲ್ಲಿ ಕೊಡಲು ಬಂದಾಗ ನಯವಾಗಿ ಬೇಡವೆನ್ನುವುದನ್ನೂ ಕಲಿಯಬೇಕು. ಅವಧಿ ಮುಗಿಯುತ್ತಿರುವ ಪೊಟ್ಟಣಗಳು, ಸಿಹಿ ಪಾನೀಯಗಳು, ಸಮಾರಂಭದಲ್ಲಿ ಉಳಿದು ಯಾವ ಹೊತ್ತಿನಲ್ಲಿ ಬೆಂದಿತೆಂದು ತಿಳಿಯದ ಅಡುಗೆ, ಇವು ಮಕ್ಕಳ ತಟ್ಟೆಗೆ ಬರಬಾರದು. ಶಿಶುಗಳ ಹಾಲಿನ ಪುಡಿಯ ಡಬ್ಬಿಗಳನ್ನಂತೂ ಸ್ವೀಕರಿಸಲೇಬೇಡಿ. ತಾಯಿಹಾಲಿಗೆ ಬದಲಾಗಿ ಮಾರುವ ಉತ್ಪನ್ನಗಳ ಪ್ರಚಾರವನ್ನು ತಡೆಯಲು ವಿಶ್ವ ಆರೋಗ್ಯ ಸಭೆ 1981ರಲ್ಲೇ ಅಂತಾರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿದೆ. ಶುದ್ಧ ನೀರಿಲ್ಲದ ಮನೆಯಲ್ಲಿ ಬಾಟಲಿ ಹಾಲು ಶಿಶುವಿಗೆ ಅತಿಸಾರ ತರುತ್ತದೆ, ಉಚಿತ ಡಬ್ಬಿ ಮುಗಿಯುವ ಹೊತ್ತಿಗೆ ತಾಯಿಯ ಹಾಲೂ ಇಳಿದಿರುತ್ತದೆ.

ನಾಲ್ಕು: ತಟ್ಟೆಯಲ್ಲಿ ಏನು, ಎಷ್ಟು

ಆರರಿಂದ ಹತ್ತು ವರ್ಷದ ಮಗುವಿನ ಒಂದು ಹೊತ್ತಿನ ಊಟ ದಿನದ ಅಗತ್ಯದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟನ್ನಾದರೂ ಪೂರೈಸಬೇಕು. ಕೈಗೆ ಸಿಗುವ ಒಂದು ಅಳತೆಗೋಲು ಭಾರತದ ಸರ್ಕಾರಿ ಶಾಲೆಗಳ ಮಧ್ಯಾಹ್ನದ ಊಟದ್ದು. ಪ್ರಾಥಮಿಕ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ಅದು ನಿಗದಿಪಡಿಸುತ್ತದೆ. ಒಟ್ಟು 450 ಕಿಲೋಕ್ಯಾಲೊರಿ ಶಕ್ತಿ ಮತ್ತು 12 ಗ್ರಾಂ ಪ್ರೋಟೀನ್ ಸಿಗಬೇಕೆಂಬುದು ಗುರಿ. ಮೇಲಿನ ತರಗತಿಯವರಿಗೆ ಧಾನ್ಯ 150 ಗ್ರಾಂ, ಬೇಳೆಕಾಳು 30 ಗ್ರಾಂ. ಇವೆಲ್ಲ ಬೇಯಿಸುವ ಮೊದಲಿನ ತೂಕ ಎಂಬುದನ್ನು ಮರೆಯಬಾರದು. 60 ಚಿಕ್ಕ ಮಕ್ಕಳಿಗೆ ಈ ಲೆಕ್ಕದಲ್ಲಿ ದಿನಕ್ಕೆ 6 ಕಿಲೋ ಧಾನ್ಯ, 1.2 ಕಿಲೋ ಬೇಳೆಕಾಳು, 3 ಕಿಲೋ ತರಕಾರಿ, 300 ಗ್ರಾಂ ಎಣ್ಣೆ ಬೇಕಾಗುತ್ತದೆ.

ಹಣ ಸ್ವಲ್ಪ ಹೆಚ್ಚು ಸಿಕ್ಕರೆ ಧಾನ್ಯವನ್ನು ಹೆಚ್ಚಿಸಬೇಡಿ. ಬೇಳೆಕಾಳು, ಮೊಟ್ಟೆ ಅಥವಾ ಹಾಲು, ಸೊಪ್ಪುಗಳಿಗೆ ಖರ್ಚು ಮಾಡಿರಿ. ಧಾನ್ಯ ಮನೆಯಲ್ಲಿ ಹೇಗೋ ಒದಗುತ್ತದೆ, ಮನೆಯಲ್ಲಿ ಒದಗದಿರುವುದು ಉಳಿದವು. ಸೊಪ್ಪು ಮತ್ತು ಕಾಳುಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಹಿಡಿಯಲು ವಿಟಮಿನ್ ಸಿ ನೆರವಾಗುವುದರಿಂದ ಅದೇ ಊಟದಲ್ಲಿ ಹುಳಿಹಣ್ಣನ್ನೋ ಟೊಮೆಟೊವನ್ನೋ ಸೇರಿಸಿರಿ. ಊಟದ ಜೊತೆಗೆ ಚಹಾ ಕೊಡಬೇಡಿ, ಅದು ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಉಪ್ಪು ಅಯೋಡಿನ್ ಇರುವುದೇ ಆಗಿರಲಿ.

ಎರಡು ವರ್ಷದೊಳಗಿನ ಮಕ್ಕಳ ವಿಷಯವೇ ಬೇರೆ. ಆರು ತಿಂಗಳವರೆಗೆ ತಾಯಿಹಾಲಲ್ಲದೆ ಬೇರೇನೂ ಬೇಡ. ಆಮೇಲೆ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ನಂತರ ಮೂರು ನಾಲ್ಕು ಸಲ, ತಾಯಿಹಾಲಿನ ಜೊತೆಗೆ ಮೆತ್ತಗಿನ ಗಟ್ಟಿ ಆಹಾರ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೊಂದು ಸಾಮೂಹಿಕ ಊಟದಿಂದ ಇದು ಆಗುವುದಿಲ್ಲ. ಇವರಿಗಾಗಿ ತಾಯಂದಿರ ಕೈಗೆ ದವಸ, ಕಾಳು, ಎಣ್ಣೆ ಕೊಟ್ಟು, ಹಿಸುಕಿ ಮೆತ್ತಗೆ ಮಾಡಿದ ಆಹಾರ ತಯಾರಿಸುವ ಬಗೆಯನ್ನು ತೋರಿಸುವುದು ಸರಿಯಾದ ಕ್ರಮ. ಐದು ವರ್ಷದೊಳಗಿನವರಿಗೆ ಇಡಿಯಾದ ಬೀಜಗಳನ್ನೂ ಇಡೀ ದ್ರಾಕ್ಷಿಯನ್ನೂ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಐದು: ಅಡುಗೆಮನೆ

ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಇಲ್ಲಿನ ಒಂದು ದಿನದ ಅಜಾಗರೂಕತೆ ಹತ್ತಾರು ಮಕ್ಕಳ ಜೀವಕ್ಕೆ ಎರವಾಗಬಹುದು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಾಲೆಯ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದುದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಗೊತ್ತಾಯಿತು. ಹಾಗಾಗಿ ಆಹಾರ ಇಡುವ ಕೋಣೆಯಲ್ಲಿ ಕೀಟನಾಶಕ, ಸೀಮೆಎಣ್ಣೆ, ಫಿನಾಯಿಲ್, ಯಾವುದೂ ಇರಕೂಡದು, ಬೀಗ ಹಾಕಿದ ಕಪಾಟಿನಲ್ಲಿಯೂ ಇರಕೂಡದು. ಬೇರೆ ವಸ್ತು ತುಂಬಿದ್ದ ಡಬ್ಬಿಯನ್ನು ಎಷ್ಟೇ ತೊಳೆದರೂ ಎಣ್ಣೆಗೆ ಬಳಸಬಾರದು. ಎಣ್ಣೆಯ ವಾಸನೆಯೋ ಬಣ್ಣವೋ ಸರಿಯಿಲ್ಲವೆಂದು ಅಡುಗೆಯವರು ಹೇಳಿದರೆ ಆ ದಿನದ ಅಡುಗೆಯನ್ನೇ ನಿಲ್ಲಿಸುವ ಅಧಿಕಾರ ಅವರಿಗಿರಬೇಕು, ಆ ನಿರ್ಧಾರವನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇರಬಾರದು. ಅಂಥ ದಿನಕ್ಕೆಂದು ಹಣ್ಣು, ಅವಧಿಯೊಳಗಿನ ಸೀಲಾದ ಆಹಾರದ ಒಂದು ದಿನದ ದಾಸ್ತಾನನ್ನು ಬೇರೆಯೇ ಇಟ್ಟಿರಿ. ಬಡಿಸುವ ಮುನ್ನ ವಯಸ್ಕರಿಬ್ಬರು ಊಟವನ್ನು ರುಚಿ ನೋಡಿ, ಸ್ವಲ್ಪ ಹೊತ್ತು ಕಾದು, ಪುಸ್ತಕದಲ್ಲಿ ಸಹಿ ಹಾಕುವುದು ಪ್ರತಿದಿನದ ನಿಯಮವಾಗಿರಲಿ.

ದೊಡ್ಡ ಪಾತ್ರೆಯ ಅಡುಗೆಗೆ ಮನೆಯ ಅಡುಗೆಯಲ್ಲಿ ಇರದ ಒಂದು ಅಪಾಯವಿದೆ. ಹತ್ತು ಕಿಲೋ ಬೆಂದ ಧಾನ್ಯದ ಪಾತ್ರೆಯ ಮೇಲ್ಭಾಗ ತಣ್ಣಗಾಗಿದ್ದರೂ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. 5ರಿಂದ 60 ಡಿಗ್ರಿಯ ನಡುವಿನ ಆ ಶಾಖದಲ್ಲಿ ರೋಗಾಣುಗಳು ಹುಲುಸಾಗಿ ಬೆಳೆಯುತ್ತವೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ, ಅದು ಉಂಟುಮಾಡುವ ವಾಂತಿಕಾರಕ ವಿಷ ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ. ಆದಕಾರಣ ಉಳಿದದ್ದನ್ನು ಮರುದಿನ ಬಿಸಿಮಾಡಿ ಬಡಿಸುವ ಪದ್ಧತಿಯೇ ಬೇಡ. ದಿನದಿನದ ಹಾಜರಿ ನೋಡಿ ಅಳತೆ ಹಾಕಿ, ಉಳಿದರೆ ಅದೇ ಹೊತ್ತಿನಲ್ಲಿ ಬಂದವರಿಗೆ ಕೊಟ್ಟು ಮುಗಿಸಿರಿ. ಆಹಾರದ ಒಳಭಾಗ 70 ಡಿಗ್ರಿ ತಲುಪಿದೆಯೇ ಎಂದು ನೋಡಲು ಒಂದು ಚುಚ್ಚುವ ಉಷ್ಣಮಾಪಕ ಕೊಂಡಿರಿ.

ನೀರಿನ ಮೂಲ ನಂಬಲರ್ಹವಲ್ಲದಿದ್ದರೆ ಕುಡಿಯುವ ನೀರನ್ನು ಮರಳುವಂತೆ ಕುದಿಸಿರಿ, ಇಲ್ಲವೇ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಡಿರಿ. ಹಸಿ ಮಾಂಸ, ಮೊಟ್ಟೆಗಳಿಗೆ ಬಳಸಿದ ಹಲಗೆ, ಚಾಕುಗಳನ್ನು ಬೇರೆಯದಕ್ಕೆ ಬಳಸಬಾರದು. ವಾಂತಿ ಭೇದಿಯಾದ ಅಡುಗೆಯವರು ಅದು ಸಂಪೂರ್ಣ ನಿಂತ ಮೇಲೂ 48 ಗಂಟೆ ಅಡುಗೆಮನೆಗೆ ಬರಬಾರದು, ಆ ದಿನಗಳ ಸಂಬಳವನ್ನೂ ಹಿಡಿಯಬಾರದು. ಸಂಬಳ ಹಿಡಿದರೆ ಅವರು ಕಾಯಿಲೆಯನ್ನು ಮುಚ್ಚಿಟ್ಟು ಬಂದೇ ಬರುತ್ತಾರೆ. ಮೂಟೆಗಳನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಟ್ಟು, ಮೊದಲು ಬಂದದ್ದನ್ನು ಮೊದಲು ಬಳಸಿರಿ. ಪ್ರತಿದಿನದ ಊಟದ ಒಂದು ಮಾದರಿಯನ್ನು ದಿನಾಂಕ ಬರೆದು ಫ್ರಿಜ್‌ನಲ್ಲಿ 72 ಗಂಟೆ ಇಟ್ಟರೆ, ಮಕ್ಕಳಿಗೆ ತೊಂದರೆಯಾದಾಗ ಕಾರಣ ಹುಡುಕಲು ವೈದ್ಯರಿಗೆ ನೆರವಾಗುತ್ತದೆ.

ಆರು: ಬಡಿಸುವುದು

ಊಟಕ್ಕೆ ಮೊದಲು ಮಕ್ಕಳೆಲ್ಲರೂ ಸೋಪಿನಿಂದ ಕೈತೊಳೆಯಬೇಕು. ನಲ್ಲಿ ಒಂದೇ ಇದ್ದರೆ ಅರವತ್ತು ಮಕ್ಕಳ ಸಾಲು ಕರಗುವುದೇ ಇಲ್ಲ, ಎರಡನೇ ವಾರಕ್ಕೆ ಕೈತೊಳೆಯುವುದೂ ನಿಂತುಹೋಗುತ್ತದೆ. ಕೊಳಾಯಿ ಇರುವ ಡ್ರಮ್ಮುಗಳನ್ನು ನಾಲ್ಕು ಕಡೆ ಇಡಿರಿ.

ಬಡಿಸುವವರ ಕೈಯಲ್ಲಿರುವ ಸೌಟನ್ನು ಗಮನಿಸಿರಿ. ಕಾಳು, ತರಕಾರಿ ತಳಕ್ಕೆ ಇಳಿಯುತ್ತವೆ. ಮೇಲಿನಿಂದ ಮೊಗೆದು ಬಡಿಸುತ್ತ ಹೋದರೆ ಸಾಲಿನಲ್ಲಿ ಮೊದಲಿರುವವರಿಗೆ ತಿಳಿನೀರು, ಕೊನೆಯವರಿಗೆ ಗಟ್ಟಿ. ಪ್ರತಿ ಸಲವೂ ತಳದಿಂದ ಕದಡಿ ಮೊಗೆಯಬೇಕು, ಒಂದೇ ಅಳತೆಯ ಸೌಟು ಬಳಸಬೇಕು, ಎರಡನೇ ಸಲ ಕೇಳಿದ ಮಗುವಿಗೆ ಇಲ್ಲವೆನ್ನದಷ್ಟು ಇರಬೇಕು. ಚಿಕ್ಕವರನ್ನು ಬೇರೆ ಸಾಲಿನಲ್ಲಿ ಕೂರಿಸಿ ಮೊದಲು ಬಡಿಸಿದರೆ ದೊಡ್ಡವರ ನೂಕುನುಗ್ಗಲಿಗೆ ಅವರು ಸಿಕ್ಕುವುದಿಲ್ಲ.

ಕೆಲವು ಮಕ್ಕಳು ತಟ್ಟೆಯ ಅರ್ಧವನ್ನು ತಿಂದು, ಉಳಿದದ್ದನ್ನು ಯಾರೂ ನೋಡದಂತೆ ಪ್ಲಾಸ್ಟಿಕ್ ಚೀಲಕ್ಕೆ ಸುರಿದುಕೊಂಡು ಅಂಗಿಯೊಳಗೆ ಇಟ್ಟುಕೊಳ್ಳುತ್ತಾರೆ. ಅದು ಮನೆಯಲ್ಲಿರುವ ತಮ್ಮನಿಗೋ ತಂಗಿಗೋ. ಅಂಥ ಮಗುವನ್ನು ಗದರಿಸಬಾರದು. ತಟ್ಟೆಯನ್ನು ಇಲ್ಲಿಯೇ ಖಾಲಿಮಾಡಬೇಕೆಂಬ ನಿಯಮ ಹೇರುವ ಬದಲು, ಆ ಮನೆಗೆ ಹೋಗಿ ನೋಡಿರಿ; ಪಟ್ಟಿಯಲ್ಲಿ ಇರಬೇಕಾದ ಇನ್ನೊಂದು ಹೆಸರು ಅಲ್ಲಿ ಸಿಗುತ್ತದೆ. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡೇ ಊಟಕ್ಕೆ ಬರುವ ಹುಡುಗಿಯರಿದ್ದರೆ, ಅವರು ಉಣ್ಣುವಷ್ಟು ಹೊತ್ತು ಕೂಸನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿರಿ.

ಊಟಕ್ಕೆ ಮೊದಲು ಭಾಷಣ ಬೇಡ. ಪ್ರಾರ್ಥನೆಯ, ಘೋಷಣೆಯ, ಪಕ್ಷದ ಬ್ಯಾನರಿನ ಷರತ್ತು ಬೇಡ. ತಟ್ಟೆ ಹಿಡಿದ ಮಗುವಿನ ಮುಖವನ್ನು ದಾನಿಯ ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆಯುವುದಂತೂ ಸಲ್ಲದು. ಆ ಚಿತ್ರ ಮಗು ಬೆಳೆದು ದೊಡ್ಡದಾದ ಮೇಲೂ ಅಳಿಯುವುದಿಲ್ಲ. ದಾನಿಗಳಿಗೆ ತೋರಿಸಬೇಕೆಂದರೆ ದಾಸ್ತಾನಿನ, ಅಡುಗೆಯ, ಲೆಕ್ಕಪುಸ್ತಕದ ಚಿತ್ರಗಳು ಸಾಕು. ಸ್ವಯಂಸೇವಕರ ಹಿನ್ನೆಲೆ ವಿಚಾರಿಸಿಯೇ ಸೇರಿಸಿಕೊಳ್ಳಿರಿ. ಯಾವ ವಯಸ್ಕರೂ ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಕೂಡದು. ದೂರು ಹೇಳಲು ತಾಯಂದಿರಿಗೆ ಕಾರ್ಯಕ್ರಮದ ಹೊರಗಿನ ಒಬ್ಬರ ಹೆಸರು ಗೊತ್ತಿರಬೇಕು.

ಏಳು: ತೀರ ಸೊರಗಿದ ಮಗು

ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ತೋಳಿನ ಸುತ್ತಳತೆಯನ್ನು ತಿಂಗಳಿಗೊಮ್ಮೆ ಅಳೆಯಿರಿ. ಎಡತೋಳನ್ನು ಸಡಿಲವಾಗಿ ಇಳಿಬಿಟ್ಟು, ಭುಜದ ತುದಿಗೂ ಮೊಣಕೈಗೂ ನಟ್ಟನಡುವೆ ಪಟ್ಟಿ ಸುತ್ತಬೇಕು. ಚರ್ಮ ಹಿಂಡುವಷ್ಟು ಬಿಗಿಯಬಾರದು. 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗಿದ್ದರೆ ಮಧ್ಯಮ. ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ತೆಗೆದಾಗ ಗುಳಿ ಹಾಗೆಯೇ ಉಳಿದರೆ, ತೋಳಿನ ಅಳತೆ ಎಷ್ಟೇ ಇರಲಿ, ಅದೂ ತೀವ್ರವೇ.

ಇಂಥ ಮಗುವಿಗೆ ಹೆಚ್ಚು ಬಡಿಸಿ ಸರಿಪಡಿಸುತ್ತೇವೆ ಎಂದುಕೊಳ್ಳುವುದು ಅಪಾಯಕರ. ಬಹುಕಾಲ ಸೊರಗಿದ ದೇಹಕ್ಕೆ ಒಮ್ಮೆಲೇ ಭಾರಿ ಊಟ ಬಿದ್ದರೆ ರಕ್ತದ ಲವಣಗಳ ಸಮತೋಲನ ಕೆಟ್ಟು ಹೃದಯಕ್ಕೇ ಅಪಾಯವಾಗಬಹುದು. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಮಗು ಉಣ್ಣಲು ಒಲ್ಲೆನೆಂದರೆ, ಜ್ವರವಿದ್ದರೆ, ಮಂಕಾಗಿದ್ದರೆ ಆಸ್ಪತ್ರೆಗೆ. ದಿನಗೂಲಿ ಬಿಟ್ಟು ಹೋಗಲಾರದೆ ತಾಯಿ ಹಿಂಜರಿಯುವುದು ಸಹಜ, ಆದ್ದರಿಂದ ಆ ದಿನದ ಕೂಲಿ ಮತ್ತು ಪ್ರಯಾಣದ ಖರ್ಚನ್ನು ಕಾರ್ಯಕ್ರಮದ ಹಣದಿಂದಲೇ ಕೊಡಲು ಮೊದಲೇ ತೆಗೆದಿಟ್ಟಿರಿ.

ಎಂಟು: ದಾಖಲೆ, ಮತ್ತು ನಿಲ್ಲಿಸಬೇಕಾಗಿ ಬಂದರೆ

ದಿನದ ಹಾಜರಿ, ಬಳಸಿದ ದವಸದ ತೂಕ, ತಿಂಗಳಿಗೊಮ್ಮೆ ಪ್ರತಿ ಮಗುವಿನ ತೂಕ, ಈ ಮೂರನ್ನು ಬರೆದಿಟ್ಟರೆ ಸಾಕು. ಹಾಜರಿ ಒಂದೇ ವಾರದಲ್ಲಿ ಇಳಿದರೆ ಕಾರಣ ಕೇಳಿಕೊಂಡು ಹೋಗಬೇಕು: ಒಂದು ಓಣಿಯನ್ನು ತೆರವುಗೊಳಿಸಿರಬಹುದು, ಜ್ವರ ಹರಡಿರಬಹುದು, ಬಡಿಸುವವರೊಬ್ಬರ ಒರಟು ಮಾತಿಗೆ ಮಕ್ಕಳು ಹೆದರಿರಬಹುದು. ಹೊರಗೆ ಊಟ ಸಿಕ್ಕರೆ ಮನೆಯವರು ಮಗುವಿನ ಪಾಲನ್ನು ಕಡಿಮೆ ಮಾಡುತ್ತಾರೆಂಬ ಆಕ್ಷೇಪ ದಾನಿಗಳಿಂದ ಪದೇಪದೇ ಬರುತ್ತದೆ. ಫಿಲಿಪ್ಪೀನ್ಸ್‌ನ ಶಾಲಾ ಆಹಾರ ಯೋಜನೆಯನ್ನು ಕುರಿತು 2002ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞ ಹನನ್ ಜೇಕಬಿಯವರ ಅಧ್ಯಯನದಲ್ಲಿ ಅಂಥ ಕಡಿತ ಹೆಚ್ಚುಕಡಿಮೆ ಕಂಡುಬರಲಿಲ್ಲ. ನಿಮ್ಮ ವಸತಿಯ ಮಕ್ಕಳ ತೂಕದ ಪುಸ್ತಕವನ್ನು ಅದರ ಜೊತೆಗಿಟ್ಟು ತೋರಿಸಿದರೆ ಉತ್ತರ ಇನ್ನೂ ಗಟ್ಟಿಯಾಗುತ್ತದೆ.

ಎಷ್ಟೇ ಪ್ರಯತ್ನಪಟ್ಟರೂ ಕಾರ್ಯಕ್ರಮ ನಿಲ್ಲಿಸಬೇಕಾಗಿ ಬರಬಹುದು. ಹಾಗಾದಾಗ ತಾಯಂದಿರಿಗೆ ಕನಿಷ್ಠ ಮೂರು ತಿಂಗಳು ಮೊದಲೇ ಮುಖತಃ ತಿಳಿಸಿರಿ, ಶಾಲೆಯ ದೀರ್ಘ ರಜೆಗೆ ಮುಂಚೆ ನಿಲ್ಲಿಸಬೇಡಿ. ಹಣ ಕರಗುತ್ತಿದ್ದರೆ ವಾರಕ್ಕೆ ಇಷ್ಟೇ ದಿನ ಎಂದು ಕಡಿತಗೊಳಿಸುವ ಬದಲು ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿ, ಇರುವ ಮಕ್ಕಳಿಗೆ ದಿನವೂ ಬಡಿಸಿರಿ. ಸರ್ಕಾರಿ ಯೋಜನೆಗೋ ಶಾಲೆಗೋ ಬೇರೆ ಸಂಸ್ಥೆಗೋ ಸೇರಬಹುದಾದ ಮಕ್ಕಳನ್ನು ನೀವೇ ಕರೆದೊಯ್ದು ಹೆಸರು ಬರೆಸಿರಿ, ಚಿಕಿತ್ಸೆಯಲ್ಲಿರುವ ಮಕ್ಕಳ ಅಳತೆಯ ವಿವರಗಳನ್ನು ಮನೆಯವರ ಒಪ್ಪಿಗೆ ಪಡೆದು ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿರಿ, ಪಾತ್ರೆ ಮತ್ತು ಒಲೆಗಳನ್ನು ಆ ವಸತಿಯಲ್ಲೇ ಅಡುಗೆ ಮುಂದುವರಿಸಲು ಸಿದ್ಧರಿರುವ ತಾಯಂದಿರ ಗುಂಪಿಗೆ ಬರವಣಿಗೆಯಲ್ಲಿ ವಹಿಸಿಕೊಡಿರಿ.